ಗುಡ್ಡವನ್ನು ಹೆದರಿಸಿದ ಉಪ್ಪವ್ವ

ನನ್ನ ಮುಖ ನೋಡಿ ಒಂದು ಗುಡ್ಡ ಹೆದರಿ ಹಿಂದಕ್ಕೆ ಸರಿದಿದೆ. ದಿಬ್ಬವಲ್ಲ, ದಿಣ್ಣೆಯಲ್ಲ, ಮೈತುಂಬ ಮುಳ್ಳುಗಿಡ ಹೊತ್ತು, ನೆತ್ತಿಯ ಮೇಲೆ ಆನೆಗಾತ್ರದ ಬಂಡೆ ಇಟ್ಟುಕೊಂಡ ಪೂರಾ ಗುಡ್ಡ. ನಾನು ಹುಬ್ಬು ಏರಿಸಿದೆ, ಒಂದು ಹೆಜ್ಜೆ ಹಿಂದೆ ಹೋಯಿತು. ನಾಲಿಗೆ ಹೊರಗೆ ಹಾಕಿದೆ, ಇನ್ನೂ ನಾಲ್ಕು ಹೆಜ್ಜೆ ಹೋಯಿತು. ಕಣ್ಣುಗುಡ್ಡೆ ಮೇಲೆ ಮಾಡಿದಾಗ ಅದಕ್ಕೆ ಎಂಥ ಬೆವರು ಬಂತೆಂದರೆ, ಆ ಬೆವರಿನಲ್ಲಿ ಊರ ಹಳ್ಳ ಹರಿದು ಜನ ವಾರಗಟ್ಟಲೆ ಅದರಲ್ಲೇ ಎಮ್ಮೆ ತೊಳೆದರು. ನಂಬದವರು ನಂಬಬೇಡಿ. ನಂಬದವರ ಹಿತ್ತಲಿಗೆ ಗುಡ್ಡ ಬಂದು ನಿಂತಿರುವುದಿಲ್ಲ, ಅವರಿಗೆ ಆ ಸುಖವಿದೆ.

ನಮ್ಮೂರಿನ ಗುಡ್ಡ ಅಮಾವಾಸ್ಯೆಯ ಸಂಜೆ ಊರ ಕಡೆ ಹೊರಡುತ್ತದೆ. ಪೂರ್ತಿ ಕತ್ತಲಾಗುವುದರೊಳಗೆ ಊರಿನಲ್ಲಿ ಯಾರಾದರೂ ನಿಜವಾಗಿ ಹೆದರಿ ಚೀರಿದರೆ ಅದು ನಿಂತು, ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಯಾರೂ ಚೀರದಿದ್ದರೆ ಬಂದಲ್ಲೇ ಕೂತುಬಿಡುತ್ತದೆ. ಅಲ್ಲಿ ಯಾರ ಮನೆ ಇತ್ತೋ ಅವರು ಬೇರೆ ಜಾಗ ನೋಡಿಕೊಳ್ಳಬೇಕು. ಸುಳ್ಳು ಚೀರು ಅದಕ್ಕೆ ನಡೆಯುವುದಿಲ್ಲ. ಹಿಂದೊಮ್ಮೆ ಊರ ಹಿರಿಯರೆಲ್ಲ ಸಾಲಾಗಿ ನಿಂತು ಗಂಟಲು ಹರಿಯುವಂತೆ ಕೂಗಿದರಂತೆ. ಗುಡ್ಡ ನಿಧಾನಕ್ಕೆ ಬಂದು ಅವರು ಬಿಟ್ಟಿದ್ದ ಚಪ್ಪಲಿಗಳ ಮೇಲೆ ಕೂತಿತಂತೆ.

ಇದಕ್ಕೆ ಯಾರೂ ಊರು ಬಿಟ್ಟು ಹೋಗಲಿಲ್ಲ. ಬಾಡಿಗೆ ಮನೆಯಲ್ಲಿ ಇರುವವರು ಮಾಲೀಕನ ಗೊರಕೆಗೆ ಹೊಂದಿಕೊಳ್ಳುವಂತೆ ನಾವು ಗುಡ್ಡಕ್ಕೆ ಹೊಂದಿಕೊಂಡೆವು. ಹೆಣ್ಣು ಕೇಳಲು ಬಂದವರನ್ನು ಮೊದಲು ಕೇಳುವ ಮಾತು, "ಮನೆ ಸಂತೆ ಕಡೆಗೋ, ಗುಡ್ಡದ ಕಡೆಗೋ?" ಗುಡ್ಡದ ಕಡೆಯವರು ಹಿತ್ತಲ ಗೋಡೆಗೆ ಗಾರೆ ಹಾಕುವುದಿಲ್ಲ, ಕಲ್ಲನ್ನು ಸುಮ್ಮನೆ ಜೋಡಿಸಿರುತ್ತಾರೆ, ಬೇಕಾದಾಗ ಬಿಚ್ಚಿ ಈಚೆಗೆ ಕಟ್ಟಿಕೊಳ್ಳಬಹುದು. ಅಮಾವಾಸ್ಯೆಯ ಬೆಳಿಗ್ಗೆ ಮನೆಮನೆಯಲ್ಲಿ ಮೆಣಸು ಬೆಲ್ಲದ ಕಷಾಯ ಕಾಯುತ್ತದೆ, ಗಂಟಲಿಗೆ. ಎದೆನೋವಿನವರನ್ನು ನೆಂಟರ ಊರಿಗೆ ಕಳಿಸುತ್ತಾರೆ. ಆ ದಿನ ಯಾರೂ ಯಾರಿಗೂ ಧೈರ್ಯ ಹೇಳುವಂತಿಲ್ಲ.

ಊರನ್ನು ಹೆದರಿಸುವುದು ನಮ್ಮ ಮನೆತನದ ಕೆಲಸ. ನಮ್ಮಜ್ಜ ಎದುರಿಗೆ ಬಂದರೆ ಮನುಷ್ಯರಿರಲಿ, ಅವರ ನೆರಳು ಕೂಡ ಅವರನ್ನು ಬಿಟ್ಟು ಓಡುತ್ತಿತ್ತು. ಬಣವೆಯೊಳಗೆ, ಕಣಜದೊಳಗೆ, ಒಮ್ಮೆ ಮದುಮಗನ ಪೇಟದೊಳಗೆ ಅಡಗಿ ಕೂತು ಜನರನ್ನು ಚೀರಿಸಿದ ಗಂಡಸು ಅವನು. ಅಪ್ಪನ ಕಾಲಕ್ಕೆ ಜನ ಬಣವೆ ಕಂಡ ಕೂಡಲೇ ಕೋಲಿನಿಂದ ತಿವಿದು ನೋಡಲು ಕಲಿತರು. ಅಪ್ಪ ಮೈತುಂಬ ಬಾಸುಂಡೆ ಹೊತ್ತು ಬೇಗ ಹೋಗಿಬಿಟ್ಟ, ಅವ್ವ ಅವನ ಹಿಂದೆಯೇ ಹೋದಳು. ಆಮೇಲೆ ನನ್ನನ್ನು ಸಾಕಿದವಳು ನನ್ನ ಅಕ್ಕ ಕೊಟ್ರಮ್ಮ. ಗುಡ್ಡದ ಕಡೆಯ ಓಣಿಯ ಕೊನೆಯ ಮನೆ ಅವಳದು. ಗುಡ್ಡದ ಮೈಮೇಲಿನ ಸೀಗೆಕಾಯಿ ಕಿತ್ತು, ಒಣಗಿಸಿ, ಕುಟ್ಟಿ ಪುಡಿ ಮಾರುತ್ತಾಳೆ. ಅವಳಿಗೆ ಹೆದರಿಕೆ ಎನ್ನುವುದು ಹುಟ್ಟಿನಿಂದಲೇ ಇಲ್ಲ. "ಗುಡ್ಡ ಹತ್ರ ಬಂದ್ರೆ ಒಳ್ಳೇದೇ ಆತು ಬಿಡು, ಕಾಯಿ ಕೀಳಾಕೆ ನಡಿಯೋದು ಉಳೀತು" ಎನ್ನುವ ಹೆಂಗಸು.

ಪಾಲಾಕ್ಷಪ್ಪನವರು ಊರ ನಡುವೆ ಟಾಕೀಸು ಕಟ್ಟಿಸಿದಾಗ ನಮ್ಮ ಮನೆತನಕ್ಕೆ ಮತ್ತೆ ದಿನ ಬಂತು. ಫೋಟೋ ಸ್ಟುಡಿಯೋದ ತಿಪ್ಪೇಶಿ ಒಂದು ದೆವ್ವದ ಸಿನಿಮಾ ತೆಗೆಯುತ್ತೇನೆಂದ. ದೆವ್ವ ಯಾರು ಎನ್ನುವ ಪ್ರಶ್ನೆಯೇ ಏಳಲಿಲ್ಲ. ನಾಟಕಗಳಲ್ಲಿ ನಾನು ಹೆಣ್ಣು ವೇಷ ಹಾಕಿದರೆ ಬಾವಿಕಟ್ಟೆಯ ಹೆಂಗಸರು ಕೊಡ ಇಳಿಸಿ ನಾಚುತ್ತಿದ್ದರು. ಸಿನಿಮಾದ ಹೆಸರು 'ಉಪ್ಪವ್ವ'. ದೀಪ ಹಚ್ಚುವ ಹೊತ್ತಿನಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಬಂದು ಸೆರಗು ಒಡ್ಡಿ, "ಒಂದು ಹಿಡಿ ಉಪ್ಪು ಕೊಡವ್ವಾ" ಎನ್ನುತ್ತಾಳೆ. ಕೊಟ್ಟವರ ಮನೆಯಲ್ಲಿ ಮೊದಲು ಸಾರಿನ ರುಚಿ ಹೋಗುತ್ತದೆ. ಆಮೇಲೆ ಕಣ್ಣೀರಿನ ಉಪ್ಪು ಹೋಗುತ್ತದೆ. ಆಮೇಲೆ ಮನೆಯವರೇ ಹೋಗುತ್ತಾರೆ. ಇಡೀ ಸಿನಿಮಾದಲ್ಲಿ ಉಪ್ಪವ್ವನ ಕೈ ಮಾತ್ರ ಕಾಣುತ್ತದೆ, ಅದೂ ಬಾಗಿಲ ಸಂದಿನಲ್ಲಿ.

ಆ ಅಮಾವಾಸ್ಯೆಯ ಚೀರಾಟದ ಬಗ್ಗೆ ಏನು ಹೇಳಲಿ. ಟಾಕೀಸಿನ ಹೆಂಚುಗಳು ಎದ್ದು ಗಾಳಿಯಲ್ಲಿ ನಿಂತು, ಚೀರು ಮುಗಿದ ಮೇಲೆ ತಮ್ಮತಮ್ಮ ಜಾಗಕ್ಕೆ ಬಂದು ಕೂತವು. ಗುಡ್ಡ ಓಡಿದ ರಭಸಕ್ಕೆ ಪಕ್ಕದ ಊರಿನ ಹೊಲಕ್ಕೆ ಹೋಗಿ ನಿಂತಿತು, ಅಲ್ಲಿಯವರು ಜಗಳಕ್ಕೆ ಬಂದರು. ಊರ ಹೆಂಗಸರು ಸಂಜೆಯಾದ ಮೇಲೆ ಉಪ್ಪಿನ ಜಾಡಿಯ ಹತ್ತಿರ ಹೋಗುವುದನ್ನೇ ಬಿಟ್ಟರು. ಇಷ್ಟಾದರೂ ನನಗೆ ಸಮಾಧಾನವಿರಲಿಲ್ಲ. ಮಾರನೆಯ ದಿನ ಸಂತೆಯಲ್ಲಿ ನಾಲ್ಕು ಸಲ ತಿರುಗಿದೆ, ಯಾರೂ ನನ್ನನ್ನು ಗುರುತಿಸಲಿಲ್ಲ. ಹೆದರಿದ್ದು ನನ್ನ ಕೈಗೆ, ನನಗಲ್ಲ.

"ಎರಡನೇದ್ರಲ್ಲಿ ಮುಖ ತೋರಿಸು" ಎಂದು ತಿಪ್ಪೇಶಿಯ ಬೆನ್ನು ಹತ್ತಿದೆ.

"ಯಣ್ಣಾ, ಕೈ ಸಾಕು. ಮುಖ ಕಂಡ್ರೆ ಜನಕ್ಕೆ ನಿನ್ನ ಗುರ್ತು ಹತ್ತುತ್ತೆ. ಗುರ್ತು ಇರೋರಿಗೆ ಯಾರು ಹೆದರ್ತಾರೆ?"

"ಲೇ ತಿಪ್ಪೇಶಿ, ನನ್ನ ಮುಖಕ್ಕೆ ನಾನೇ ಕನ್ನಡಿಯಲ್ಲಿ ಹೆದರಿ ಮೂರು ಸಲ ಜ್ವರ ಬಂದೈತೆ. ನೀನು ಕ್ಯಾಮೆರಾ ತಿರುಗಿಸು."

ತಿರುಗಿಸಿದ. 'ಮತ್ತೆ ಬಂದಳು ಉಪ್ಪವ್ವ' ಸಿನಿಮಾದಲ್ಲಿ ಮುಖಕ್ಕೆ ಸುಣ್ಣ, ಕಣ್ಣಿಗೆ ಕಾಡಿಗೆ ಮೆತ್ತಿಕೊಂಡು ನಾನು ಪರದೆ ತುಂಬ ಬಂದೆ. ಟಾಕೀಸು ಚೀರಿತು. ಆ ಚೀರಿನ ನಡುವೆ ಮುಂದಿನ ಬೆಂಚಿನಿಂದ ಒಬ್ಬ, "ಲೇ, ಅದು ಕೊಟ್ರಮ್ಮನ ತಮ್ಮ ಹಾಲಸ್ವಾಮಿ ಅಲ್ಲೇನಲೇ?" ಎಂದ. ಎಲ್ಲೋ ಒಂದು ಕಡೆ, ಅಕ್ಕಿಮೂಟೆಯೊಳಗೆ ಇಲಿ ಆಡಿದ ಹಾಗೆ, ಸಣ್ಣಗೆ ಒಂದು ನಗು ಎದ್ದಿತು. ಗುಡ್ಡ ಆ ದಿನ ಹಿಂದೆ ಹೋಯಿತು. ಆದರೆ ಓಣಿಯ ಕೊನೆಯಲ್ಲಿ ಒಂದು ಕಲ್ಲು ಬಿಟ್ಟು ಹೋಗಿತ್ತು, ಮತ್ತೆ ಬರುವವರು ಕುರ್ಚಿಯ ಮೇಲೆ ಟವೆಲು ಹಾಕಿ ಹೋಗುವಂತೆ.

ಮುಖ ಕಂಡ ಮೇಲೆ ನನ್ನ ಹೆಸರು ಹೇಗೆ ಹಬ್ಬಿತು ಗೊತ್ತೇ? ಮದುವೆಗಳಿಗೆ ಪುರೋಹಿತರಿಗಿಂತ ಮೊದಲು ನನಗೆ ಹೇಳಿಕೆ ಬರುತ್ತಿತ್ತು. ಸುಣ್ಣ ಹಚ್ಚಿಕೊಂಡು ಹೋಗಿ ಗಂಡುಹೆಣ್ಣಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದೆ. ನಾಮಕರಣದಲ್ಲಿ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸುತ್ತಿದ್ದರು, ದೃಷ್ಟಿ ತಾಗದಿರಲಿ ಎಂದು. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ಹಂಚಿದವನು ನಾನು. ಮಕ್ಕಳು ಮನೆಯಲ್ಲಿ ಉಂಡದ್ದು ಸಾಲದೆಂದರೆ ನನ್ನ ಹೆಸರು ಹೇಳಿ ಇನ್ನೊಂದು ತುತ್ತು ಕೇಳುತ್ತಿದ್ದವು. ಕಿರಾಣಿ ಅಂಗಡಿಯಲ್ಲಿ ಉಪ್ಪು ಕೊಳ್ಳುವವರೆಲ್ಲ ಟವೆಲನ್ನು ಸೆರಗಿನಂತೆ ಒಡ್ಡಿ, "ಒಂದು ಹಿಡಿ ಉಪ್ಪು ಕೊಡವ್ವಾ" ಎಂದು ನನ್ನ ದನಿ ಮಾಡುತ್ತಿದ್ದರು. ಅಂಗಡಿಯವನು ನಕ್ಕು ಒಂದು ಚಿಟಿಕೆ ಹೆಚ್ಚು ಹಾಕುತ್ತಿದ್ದ. ನಾನು ಯಾವುದಕ್ಕೂ ಇಲ್ಲ ಎನ್ನಲಿಲ್ಲ. ದೊಡ್ಡ ಕಲಾವಿದ ಇಲ್ಲ ಎನ್ನಬಾರದು.

ಮೂರನೆಯ ಭಾಗಕ್ಕೆ ಪಾಲಾಕ್ಷಪ್ಪನವರು ಬಂದು ಕೂತರು. "ನೋಡ್ರಪ್ಪಾ, ಹೆಂಗಸ್ರು ಸೀಟು ತುಂಬ್ತಾ ಅದಾರೆ. ಅವರಿಗೆ ಉಪ್ಪವ್ವ ಅಂದ್ರೆ ಮನೆ ಮಗಳಿದ್ದಂಗೆ. ಆಕೀಗೆ ಒಂದು ಅತ್ತೆ ಕೊಡ್ರಿ."

"ದೆವ್ವಕ್ಕೆ ಅತ್ತೆ ಎಲ್ಲಿಂದ ತರ್ಲಿ ಯಜಮಾನ್ರೇ?" ಎಂದ ತಿಪ್ಪೇಶಿ.

"ಅತ್ತೇರಿಗೇನು ಬರ ಐತೇನಪ್ಪಾ ಊರಾಗೆ?"

ಹಾಗೆ ಉಪ್ಪವ್ವನಿಗೆ ಅತ್ತೆ ಬಂದಳು. ದೆವ್ವ ಕಷ್ಟಪಟ್ಟು ಊರೆಲ್ಲ ತಿರುಗಿ ಉಪ್ಪು ಬೇಡಿ ತರುತ್ತದೆ, ಅತ್ತೆ ಸಾರು ನೆಕ್ಕಿ ನೋಡಿ, "ಇದರಾಗೆ ಉಪ್ಪೆಲ್ಲೈತೆ?" ಎಂದು ಸೌಟಿನಿಂದ ತಲೆಗೆ ಕುಟ್ಟುತ್ತಾಳೆ. ಆ ಒಂದು ಸೌಟಿನ ಏಟಿಗೆ ಟಾಕೀಸು ಬಿದ್ದುಬಿದ್ದು ನಕ್ಕಿತು. ಸೊಸೆಯಂದಿರು ನಕ್ಕರು, ಪಕ್ಕದಲ್ಲೇ ಕೂತಿದ್ದ ಅತ್ತೆಯರು ಅದಕ್ಕಿಂತ ಹೆಚ್ಚು ನಕ್ಕರು. ಹೊರಗೆ ಗುಡ್ಡ ಬಂದು ಓಣಿಯ ಕೊನೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿತು. ಯಾರೋ ಒಬ್ಬ ಮುದುಕಿ ಮೆಟ್ಟಿಲು ತಪ್ಪಿ ಚೀರಿದ್ದರಿಂದ ಆ ಸಲಕ್ಕೆ ಎದ್ದು ವಾಪಸು ಹೋಯಿತು.

ಅಲ್ಲಿಂದ ಇಳಿಜಾರು. ನಾಲ್ಕನೆಯದರಲ್ಲಿ ಉಪ್ಪವ್ವ ಮೀಸೆ ಇನ್‌ಸ್ಪೆಕ್ಟರನ ಜೊತೆ ಕುಣಿದಳು. ಆಮೇಲಿನದರಲ್ಲಿ ಹೋಟೆಲು ಇಟ್ಟಳು. ಆರನೆಯದಕ್ಕೆ ಉಪ್ಪಿನ ಜಾಡಿಯ ಗುರುತಿಗೆ ಚುನಾವಣೆಗೆ ನಿಂತು, ಅತ್ತೆಯ ಎದುರು ಸೋತಳು. ತಿಪ್ಪೇಶಿ ಪ್ರತಿಸಲವೂ ಹೆದರಿಸಬೇಕೆಂದೇ ಶುರು ಮಾಡುತ್ತಿದ್ದ. ಸ್ಮಶಾನದ ದೃಶ್ಯ ಬರೆಯುತ್ತಿದ್ದ. ಜನ ನನ್ನನ್ನು ಕಂಡು ಶಿಳ್ಳೆ ಹೊಡೆಯುತ್ತಿದ್ದರು. ಬೇರೆ ದೆವ್ವ ತಂದು ನೋಡಿದ, "ನಮ್ಮ ಉಪ್ಪವ್ವ ಎಲ್ಲಿ?" ಎಂದು ಕುರ್ಚಿ ಬಡಿದರು. ಹೊರಗಿನಿಂದ ರಕ್ತ ಹರಿಯುವ ಸಿನಿಮಾ ತರಿಸಿದ, ಅದಕ್ಕೂ ನಕ್ಕರು. ನಗು ಕಲಿತ ಗಂಟಲು ಚೀರುವುದನ್ನು ಮರೆಯುತ್ತದೆ. ಆದರೆ ಅವರು ನಿಶ್ಚಿಂತೆಯಿಂದ ನಗುತ್ತಿದ್ದರು ಎಂದುಕೊಳ್ಳಬೇಡಿ. ಬಾಯಿ ಪರದೆಯ ಕಡೆ ನಗುತ್ತಿತ್ತು, ಒಂದು ಕಣ್ಣು ಕಿಟಕಿಯ ಕಡೆ ಇರುತ್ತಿತ್ತು. ನಕ್ಕು ಮುಗಿದ ಕೂಡಲೇ ಪಕ್ಕದವನನ್ನು ತಿವಿದು, "ನೀನಾದ್ರೂ ಹೆದರ್ಕೋಬಾರ್ದೇನಲೇ?" ಎನ್ನುತ್ತಿದ್ದರು. "ಪ್ರಯತ್ನ ಮಾಡಾಕತ್ತೀನಿ ಮಾರಾಯಾ, ಅವನ ಮುಖ ನೋಡಿದ್ರೆ ನನ್ನ ಮಗನ ಹುಟ್ಟುಹಬ್ಬ ನೆನಪಾಗ್ತೈತೆ."

ಗುಡ್ಡದ ಕಡೆಯವರೇ ಗುಡ್ಡ ನೋಡಿ ಚೀರಬಹುದಿತ್ತಲ್ಲ ಎಂದು ನೀವು ಕೇಳಬಹುದು. ದಿನಾ ಹಿತ್ತಲಲ್ಲಿ ನೋಡುವ ಗುಡ್ಡಕ್ಕೆ ಯಾರು ಹೆದರುತ್ತಾರೆ? ಅವರು ಅದರ ಮೇಲೆ ಸಂಡಿಗೆ ಒಣಗಿಸುತ್ತಾರೆ. ಅಮಾವಾಸ್ಯೆಯ ಮಧ್ಯಾಹ್ನ ಗಂಟು ಕಟ್ಟಿಕೊಂಡು ಸಂತೆ ಕಡೆಯ ನೆಂಟರ ಜಗಲಿಗೆ ಹೋಗುವುದು, ಬೆಳಿಗ್ಗೆ ಬಂದು ಏನು ಉಳಿದಿದೆ ನೋಡುವುದು, ಇಷ್ಟೇ. ನಾನಂತೂ ಸಂತೆ ಕಡೆಯೇ ಇರುತ್ತಿದ್ದೆ. ಅಂಜಿಕೆಯಿಂದಲ್ಲ, ಅಭಿಮಾನಿಗಳು ಬಿಡಬೇಕಲ್ಲ.

ಏಳನೆಯ ಭಾಗದ ಹೊತ್ತಿಗೆ ಗುಡ್ಡ ಓಣಿಯ ಅರ್ಧ ನುಂಗಿತ್ತು. ಅಕ್ಕನ ಮನೆ ಬಿಟ್ಟು ಎರಡೂ ಮಗ್ಗುಲು ಸುತ್ತುವರಿದಿತ್ತು. ತಿಪ್ಪೇಶಿ ಊಟ ಬಿಟ್ಟ. "ಯಣ್ಣಾ, ಮೊದಲ್ನೇದರ ಹಂಗೇ ತೆಗಿತೀನಿ. ಮುಖ ಇಲ್ಲ, ಅತ್ತೆ ಇಲ್ಲ, ಹಾಡಿಲ್ಲ. ಬಾಗಿಲ ಸಂದಿ, ಕೈ, ಅಷ್ಟೇ" ಎಂದ. ಜನ ಗುಡ್ಡದ ಹತ್ತಿರವೇ ಕೂತರೆ ಅಷ್ಟಿಷ್ಟು ಹೆದರಿಕೆ ಹುಟ್ಟೀತೆಂದು ಪರದೆಯನ್ನು ಓಣಿಯ ಬಾಯಲ್ಲೇ ಅಡ್ಡ ಕಟ್ಟಿಸಿದ. ಪರದೆಯ ಈಚೆ ಇಡೀ ಊರು, ಆಚೆ ಖಾಲಿ ಓಣಿ, ಅದರಾಚೆ ಗುಡ್ಡ.

ಬಾಗಿಲ ಸಂದಿನಲ್ಲಿ ಕೈ ಬಂತು. ಊರಿಗೆ ಊರೇ ಎದ್ದು ನಿಂತಿತು, ಚಪ್ಪಾಳೆ ಹೊಡೆಯಲು. "ಬಂದ್ಲಪ್ಪಾ ನಮ್ಮವ್ವ" ಎಂದು ಟೋಪಿ ತೂರಿದರು. ಬರಿಯ ಕೈ ನೋಡಿಯೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕೈ ಯಾವ ಕೈಯೆಂದು ಎಲ್ಲರಿಗೂ ಗೊತ್ತಿತ್ತು, ಅದು ಅವರ ಕೂಸುಗಳನ್ನು ಎತ್ತಿದ ಕೈ. ನೆಲದಲ್ಲಿ ಸಣ್ಣಗೆ ನಡುಕ ಶುರುವಾಗಿತ್ತು. ತಿಪ್ಪೇಶಿ ಬಿಳಿಚಿಕೊಂಡು, ಉಪ್ಪವ್ವನ ವೇಷದಲ್ಲೇ ಕೂತಿದ್ದ ನನ್ನ ಸೆರಗಿಗೆ ಮೈಕು ಸಿಕ್ಕಿಸಿದ. "ನೀನೇ ಹೋಗಣ್ಣಾ. ಪರದೆ ಹಿಂದೆ ಹೋಗಿ, ಅಲ್ಲಿಂದ ಅದನ್ನ ಹರ್ಕೊಂಡು ಎದ್ರಿಗೆ ಬಾ. ಒಬ್ರಾದ್ರೂ ಚೀರಿದ್ರೆ ಸಾಕು."

ನಾನು ಪರದೆಯ ಹಿಂದೆ ಹೋದೆ. ಗುಡ್ಡ ಅಲ್ಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಮೇಲಿನದನ್ನು ನಿಮಗೆ ಮೊದಲೇ ಹೇಳಿದ್ದೇನೆ: ಹುಬ್ಬು, ನಾಲಿಗೆ, ಕಣ್ಣುಗುಡ್ಡೆ. ಕೊನೆಗೆ ಒಂದು ಆರ್ಭಟ ಕೊಟ್ಟೆ, ಮೈಕಿನಲ್ಲಿ ಅದು ಊರೆಲ್ಲ ಕೇಳಿತು, ಈಚೆಯ ಜನ ಅದಕ್ಕೂ ನಕ್ಕರು. ಗುಡ್ಡ ನಗಲಿಲ್ಲ. ಹೋಯಿತು. ಸೀರೆ ಹರಿದುಕೊಂಡು ಈಚೆ ಬಂದವನನ್ನು ಜನ ಹೆಗಲ ಮೇಲೆ ಹೊತ್ತರು. "ಏನು ಮಾಡ್ದೆ ಹಾಲಸ್ವಾಮಿ?" ಎಂದರೆ, "ಏನಿಲ್ಲ, ಮುಖ ತೋರಿಸ್ದೆ" ಎಂದೆ.

ಅಂದಿನಿಂದ ಊರಿಗೆ ನೆಮ್ಮದಿ. ಹೆದರುವ ಕೆಲಸವನ್ನು ನನ್ನ ಮುಖಕ್ಕೆ ಒಪ್ಪಿಸಿ ಕೈ ತೊಳೆದುಕೊಂಡರು. ಈಗ ಕಿಟಕಿಯ ಕಡೆ ಯಾರೂ ನೋಡುವುದಿಲ್ಲ. ಅಮಾವಾಸ್ಯೆ ಬಂತೆಂದರೆ ಓಣಿಯ ಬಾಯಲ್ಲಿ ಪರದೆ, ಉಪ್ಪವ್ವನ ಹೊಸ ಸಾಹಸ, ಮಿರ್ಚಿ ಮಂಡಕ್ಕಿ, ನಗು. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ದೆವ್ವದ ಸಿನಿಮಾ ಎನ್ನುವ ಹೆಸರೂ ಇಲ್ಲ. ಗೋಡೆಗೆ ಅಂಟಿಸುವ ಕಾಗದದಲ್ಲೇ 'ಸಕುಟುಂಬ ನಗೆಹಬ್ಬ' ಎಂದು ಬರೆಸುತ್ತಾರೆ. ಪರದೆಯ ಹಿಂದೆ ನಾನೊಬ್ಬ ನಿಂತು ಮುಖ ತೋರಿಸಿ ಬರುತ್ತೇನೆ. ಅಮಾವಾಸ್ಯೆಗೆ ಮೊದಲು ನನಗೆ ಅನ್ನ ಇಳಿಯುವುದಿಲ್ಲ, ಮುಖದ ಶಕ್ತಿ ಹೆಚ್ಚಲೆಂದು ಉಪವಾಸ ಮಾಡುತ್ತೇನೆ. ನಡುವೆ ಒಂದು ತಿಂಗಳು ಮಾತ್ರ ಗುಡ್ಡ ನಿಲ್ಲದೆ ಬಂದು ಎರಡು ಮನೆ ತೆಗೆದುಕೊಂಡಿತು; ಆ ಸಲ ಸುಣ್ಣ ಕಲಬೆರಕೆಯದಾಗಿತ್ತು, ಮುಖಕ್ಕೆ ಸರಿಯಾಗಿ ಹತ್ತಿರಲಿಲ್ಲ.

ಅಕ್ಕ ಮಾತ್ರ ಓಣಿ ಬಿಡಲಿಲ್ಲ. ಉಳಿದವರು ಗಂಟು ಕಟ್ಟಿಕೊಂಡು ಸಂತೆ ಕಡೆಗೆ ಹೋದರೂ ಅವಳು ಅಮಾವಾಸ್ಯೆಯ ಸಂಜೆ ತನ್ನ ಮನೆಯಲ್ಲೇ ಕೂತಿರುತ್ತಾಳೆ. ಹಟಮಾರಿ ಎಂದು ಊರು ಬಿಟ್ಟುಬಿಟ್ಟಿದೆ.

ಈ ಅಮಾವಾಸ್ಯೆಯ ಮಧ್ಯಾಹ್ನ ಅಕ್ಕನ ಮಗಳು ವನಜಾಕ್ಷಿ ತಳ್ಳುಗಾಡಿ ತಳ್ಳಿಕೊಂಡು ಬಂದಳು. ಸಂತೆ ಕಡೆಯ ಮನೆಗೆ ಮದುವೆಯಾಗಿ ಹೋದವಳು. ಸಿನಿಮಾದ ದಿನ ಅದೇ ಗಾಡಿಯಲ್ಲಿ ಮಿರ್ಚಿ ಕರಿದು ಮಾರುತ್ತಾಳೆ. ಈ ಸಲ ಗಾಡಿಯಲ್ಲಿ ಬಾಣಲೆ ಇರಲಿಲ್ಲ, ಹಾಸಿಗೆ ಹಾಸಿತ್ತು.

"ಅವ್ವನ್ನ ಕರ್ಕೊಂಡು ಹೋಗ್ತೀನಿ ಮಾವ. ಕಾಲು ಬಾತೈತೆ, ಹೊತ್ತು ಮುಳುಗಿದ್ರೆ ಕಣ್ಣು ಮಂಜು. ಇನ್ನು ಇಲ್ಲಿ ಬಿಡಲ್ಲ."

ನಾನು ಅಕ್ಕನ ಮನೆಯ ಕನ್ನಡಿಯ ಮುಂದೆ ಸುಣ್ಣ ಕಲಸುತ್ತಿದ್ದೆ. "ಯಾಕಮ್ಮಾ, ನಾನಿಲ್ವೇ? ನನ್ನ ಮುಖ ಇರೋವರೆಗೂ ಗುಡ್ಡ ಈ ಹೊಸಲು ಮುಟ್ಟಲ್ಲ. ಮೊನ್ನೆ ನನ್ನನ್ನ ಕಂಡು ಅದು ತನ್ನ ಬಂಡೇನೇ ಬಿಟ್ಟು ಹೋಗಿತ್ತು, ಮಾರನೇ ದಿನ ಯಾರೂ ಇಲ್ಲದಾಗ ಬಂದು ತಗೊಂಡು ಹೋತು."

"ಹಂಗಾದ್ರೆ ಇನ್ನೂ ಒಳ್ಳೇದಾತು. ನಿನ್ನ ಮುಖ ನೋಡ್ಕೊಳ್ತೈತೆ. ಅವ್ವ ಇಲ್ಲಿದ್ರೇನು, ನಮ್ಮನೇಲಿದ್ರೇನು?"

ನನ್ನ ಕೈಯಲ್ಲಿದ್ದ ಸುಣ್ಣ ಒಣಗತೊಡಗಿತು. ಅಕ್ಕ ಮೂಲೆಯಲ್ಲಿ ಸೀಗೆಕಾಯಿಯ ಬೀಜ ಬಿಡಿಸುತ್ತಿದ್ದವಳು ತಲೆ ಎತ್ತದೆ, "ನಾನು ಬರಲ್ಲ ಕಣೇ, ಕಾಯಿ ಒಣಗಬೇಕು" ಎಂದಳು.

"ನನ್ನ ಮನೆ ಮಾಳಿಗೆ ಮೇಲೆ ಬಿಸಿಲಿಲ್ವೇನವ್ವಾ?"

"ಈ ಬಿಸಿಲೇ ಬೇರೆ" ಎಂದು ನಾನು ಬಾಯಿ ಹಾಕಿದೆ. "ಗುಡ್ಡದ ಬಿಸಿಲು. ಇದರಲ್ಲಿ ಒಣಗಿದ ಪುಡಿ ಹಾಕಿದ್ರೆ ಬೋಳುತಲೆಯಲ್ಲೂ ಜಡೆ ಬರುತ್ತೆ. ಪಾಲಾಕ್ಷಪ್ಪನವರ ತಮ್ಮನಿಗೆ ಬಂದದ್ದು ನೋಡಿಲ್ವೇ?"

"ಅವರಿಗೆ ತಮ್ಮನೇ ಇಲ್ಲ ಮಾವ."

ವನಜಾಕ್ಷಿ ನನ್ನನ್ನು ನೋಡಿದಳು, ಅವಳವ್ವನನ್ನು ನೋಡಿದಳು. ಗಾಡಿಯಿಂದ ಹಾಸಿಗೆ ಇಳಿಸಿ ಒಳಗೆ ತಂದು ಗೋಡೆಗೆ ಒರಗಿಸಿದಳು. ಅಕ್ಕನ ಪಕ್ಕ ಕೂತು, ತಾನೂ ಒಂದು ಹಿಡಿ ಕಾಯಿ ಎತ್ತಿಕೊಂಡು ಬಿಡಿಸಲು ಶುರು ಮಾಡಿದಳು. "ಸರಿ ಬಿಡು. ಇಲ್ಲೇ ಇರ್ತೀನಿ ಹಂಗಾದ್ರೆ. ನಿನ್ನ ಮುಖಕ್ಕೆ ಅದು ಹೆದರೋದನ್ನ ನಾನೂ ಒಂದು ಸಲ ಕಿಟಕೀಲಿ ಕೂತು ನೋಡಬೇಕು."

"ನೋಡಬಾರದು" ಎಂದೆ. "ನೋಡಿದವರಿಗೆ ಕಣ್ಣು ಹೋಗುತ್ತೆ. ನೀನು ಏಳು, ಗಾಡಿ ತಗೊಂಡು ಹೊರಡು. ಹೊತ್ತು ಇಳೀತಾ ಐತೆ."

"ಯಾಕೆ ಮಾವ? ನಿನ್ನ ಮುಖ ಐತಲ್ಲ."

"ಮುಖ ಐತೆ. ಆದ್ರೂ."

"ಆದ್ರೂ ಏನು?" ಅವಳ ದನಿ ಏರಲಿಲ್ಲ. "ಮಾವ, ಸಿನಿಮಾದ ದಿನ ಲೌಡ್‌ಸ್ಪೀಕರಿನ ಬುಡದಾಗೆ ನನ್ನ ಗಾಡಿ ನಿಂತಿರ್ತೈತೆ. ನಿನ್ನ ಆರ್ಭಟ ಎಲ್ಲರಿಗಿಂತ ಚೆನ್ನಾಗಿ ಕೇಳೋಳು ನಾನು. ಊರೋರು ನಗೋ ಗದ್ದಲದಾಗೆ ಅವರಿಗೆ ಬರೀ ಕೂಗು ಕೇಳ್ತೈತೆ. ನನಗೆ ಮಾತು ಕೇಳ್ತೈತೆ. ಗುಡ್ಡಕ್ಕೆ ನೀನು ಯಾಕೆ 'ಅಕ್ಕಾ' ಅಂತೀಯಾ?"

ನಾನು ಏನೋ ಹೇಳಲು ಬಾಯಿ ತೆರೆದೆ. ಗುಡ್ಡ ಹೆಣ್ಣೆಂದು, ವಯಸ್ಸಿನಲ್ಲಿ ಹಿರಿಯಳೆಂದು, ಮರ್ಯಾದೆ ಕೊಟ್ಟು ಮಾತಾಡಿಸುತ್ತೇನೆಂದು. ಬದಲಿಗೆ ಒಣಗಿದ ಸುಣ್ಣಕ್ಕೆ ಇನ್ನಷ್ಟು ನೀರು ಹಾಕಿದೆ.

"ನನ್ನ ಬಾಣಂತನಕ್ಕೆ ಅಂತ ಅವ್ವ ನಮ್ಮನೇಲಿದ್ದ ತಿಂಗಳು" ಎಂದಳು ವನಜಾಕ್ಷಿ, "ಅವತ್ತೇ ಅಲ್ವೇ ನಿನ್ನ ಸುಣ್ಣ ಕಲಬೆರಕೆ ಆಗಿದ್ದು?"

ಅಕ್ಕ ಕಾಯಿ ಕೆಳಗಿಟ್ಟಳು. "ಸಾಕು ಬಿಡೇ. ಚಿಕ್ಕೋನಿದ್ದಾಗಿಂದ ಅವನು ಹಂಗೇ. ನಾನು ನೀರಿಗೆ ಹೋಗಿ ತಡವಾದ್ರೆ ಬಾಗಿಲಾಗೆ ನಿಂತು ಊರು ಹರಿಯಂಗೆ ಅಳೋನು. ನಾನಿಲ್ಲಿದ್ರೆ ಇವನು ಹೆದರ್ತಾನೆ. ಇವನು ಹೆದರಿದ್ರೆ ಊರು ನಗ್ತೈತೆ. ನಗ್ಲಿ ಬಿಡು, ಪಾಪ."

"ಇವನು ಒಂದು ದಿನ ಹೆದರ್ಲಿಲ್ಲ ಅಂದ್ರೆ?"

ಅಕ್ಕ ಕೆಳಗಿಟ್ಟ ಕಾಯಿಯನ್ನು ಮತ್ತೆ ಎತ್ತಿಕೊಂಡಳು. ಹೊರಗೆ ಪರದೆ ಕಟ್ಟುವವರ ಸದ್ದು ಕೇಳುತ್ತಿತ್ತು. ಯಾರೋ ನನ್ನ ದನಿ ಮಾಡುತ್ತಿದ್ದರು, ಉಳಿದವರು ನಗುತ್ತಿದ್ದರು. ಕಿಟಕಿಯಾಚೆ ಗುಡ್ಡದ ನೆರಳು ಹಿತ್ತಲಿಗೆ ಬಂದು ಬಿದ್ದಿತ್ತು. ವನಜಾಕ್ಷಿ ಏಳಲಿಲ್ಲ. ಈಗ ಒಳಗೆ ಇಬ್ಬರು.

"ವನಜಾ, ಎದ್ದು ಹೋಗಮ್ಮಾ" ಎಂದೆ. "ನನ್ನ ಮುಖವನ್ನ ಗುಡ್ಡ ಇವತ್ತಿನವರೆಗೂ ನೋಡಿಲ್ಲ. ಎರಡೂ ಕೈಲಿ ಮುಚ್ಕೊಂಡಿರ್ತೀನಿ. ಆವತ್ತು ಪರದೆ ಹಿಂದೆ ಹೋದಾಗ ಓಣೀಲಿ ಯಾರೂ ಇಲ್ಲ ಅಂದ್ಕೊಂಡಿದ್ದೆ. ಗುಡ್ಡ ಸೂರಿನ ಮೇಲೆ ಬಾಗಿತ್ತು. ಒಳಗೆ ದೀಪ ಉರೀತಿತ್ತು. ನಿಮ್ಮವ್ವ ನೆಂಟರ ಜಗಲೀಲಿ ಪುಡಿ ಇಬ್ಬನಿಗೆ ಒದ್ದೆ ಆಗುತ್ತೆ ಅಂತ ಹೋಗದೆ ಒಳಗೇ ಕೂತಿದ್ಲು. ಹುಬ್ಬು ಇಲ್ಲ, ನಾಲಿಗೆ ಇಲ್ಲ, ನಾನು ಅಲ್ಲೇ ನೆಲಕ್ಕೆ ಕುಸಿದು ಅಕ್ಕನ್ನ ಕೂಗ್ದೆ. ಅಷ್ಟೇ ನಾನು ಮಾಡಿದ್ದು. ಅವತ್ತಿಂದ ಪ್ರತಿ ಸಲ ಅಷ್ಟೇ ಮಾಡ್ತಾ ಇರೋದು. ಅವಳು ಒಳಗಿಲ್ಲದ ತಿಂಗಳು ಎಷ್ಟು ಒದ್ದಾಡಿದ್ರೂ ಚೀರು ಬರಲಿಲ್ಲ. ಅವಳನ್ನ ಇಲ್ಲಿಂದ ಕರ್ಕೊಂಡು ಹೋಗು ಅನ್ನೋಕೂ ನನಗೆ ಆಗಲ್ಲ, ಇರ್ಲಿ ಅನ್ನೋಕೂ ಆಗಲ್ಲ. ನಾನು ಯಾರನ್ನೂ ಹೆದರಿಸಿಲ್ಲಮ್ಮಾ. ಹೆದರೋನು ನಾನೊಬ್ಬನೇ."